ಫೋಟೋ ಚಂದ ಬೇಡ ಸ್ವಾಮಿ, ಒಂದೇ ಥರ ಇರಲಿ

ಮೊದಲೇ ಹೇಳಿಬಿಡ್ತೀನಿ, ಇದು ಸ್ವಲ್ಪ ಜಗಳದ ಬರಹ. ಜಗಳ ಯಾರ ಜೊತೆ ಅಂದ್ರೆ ನಮ್ಮ ಬಳಗದ ಜೊತೆಗೇ. ಕಂಪ್ಯೂಟರ್ ಗೊತ್ತಿರೋರು, ಕೈಯಲ್ಲಿ ಒಳ್ಳೆ ಕ್ಯಾಮೆರಾ ಇರೋರು, ಊರಲ್ಲಿರೋ ನೆಂಟರಿಷ್ಟರ ಬಾಯಲ್ಲಿ "ಆನ್‌ಲೈನ್ ವಿಷಯ ಎಲ್ಲಾ ಇವರಿಗೆ ಗೊತ್ತು" ಅನ್ನಿಸ್ಕೊಂಡಿರೋರು ಇದ್ದೀವಲ್ಲ, ನಮ್ಮ ಜೊತೆ.

ನಮ್ಮಲ್ಲಿ ಹೆಚ್ಚಿನವರಿಗೆ ಒಬ್ಬ ಅತ್ತೆಯೋ, ಕಾಕುವೋ, ಕಾಲೇಜಿನ ಗೆಳತಿಯೋ ಇರ್ತಾರೆ. ಸೀರೆ, ಗೊಂಬೆ, ಮಣ್ಣಿನ ಓಲೆ, ಕೌದಿ, ಏನೋ ಒಂದನ್ನ ಆನ್‌ಲೈನಲ್ಲಿ ಮಾರ್ತಿರೋರು. ಅವರೆಲ್ಲ ಕೇಳೋ ಪ್ರಶ್ನೆ ಒಂದೇ. "ಫೋಟೋ ಚೆನ್ನಾಗಿ ಬರ್ತಿಲ್ಲ, ಯಾವ ಕ್ಯಾಮೆರಾ ತಗೊಳ್ಳಲಿ?" ನಮ್ಮ ಬಳಗ ಕೊಡೋ ಉತ್ತರವೂ ಒಂದೇ. ಒಂದು ಡಿಎಸ್‌ಎಲ್‌ಆರ್, ಒಂದು ಸಾಫ್ಟ್‌ಬಾಕ್ಸ್, ಒಂದು ಲೈಟ್ ಟೆಂಟು. ಈಗೀಗ ಇನ್ನೊಂದು ಸೇರ್ಕೊಂಡಿದೆ: "ಫೋನಲ್ಲೇ ಹೊಡೀರಿ, ಎಐ ಆಪ್‌ಗೆ ಹಾಕಿ, ಅದೇ ಅರಮನೆ ಹಿನ್ನೆಲೆ ಹಾಕಿ, ಮಾಡೆಲ್‌ಗೆ ಉಡಿಸಿ ಕೊಡುತ್ತೆ".

ಎರಡೂ ಉತ್ತರ ತಪ್ಪು ಅನ್ನೋದು ನನ್ನ ವಾದ. ಮೊದಲನೇದು ಮಾರೋರ ದುಡ್ಡು ಹಾಳು ಮಾಡುತ್ತೆ, ಎರಡನೇದು ಅವರ ಹೆಸರು ಹಾಳು ಮಾಡುತ್ತೆ. ಯಾಕಂದ್ರೆ ಪ್ರಶ್ನೆಯನ್ನೇ ನಾವು ಸರಿಯಾಗಿ ಕೇಳಿಸ್ಕೊಂಡಿಲ್ಲ. ಅಂಗಡಿ ಫೋಟೋ ಕಲೆ ಅಲ್ಲ, ಅದು ಅಳತೆ. ಬಟ್ಟೆ ಅಂಗಡೀಲಿ ಮೀಟರ್ ಕಡ್ಡಿ ಇರುತ್ತಲ್ಲ, ಹಂಗೆ. ಮೀಟರ್ ಕಡ್ಡಿ ನೋಡೋಕೆ ಚಂದ ಇರಬೇಕಾಗಿಲ್ಲ. ಇವತ್ತು ಅಳೆದಾಗಲೂ ನಾಳೆ ಅಳೆದಾಗಲೂ ಅದೇ ಉದ್ದ ಬಂದ್ರೆ ಸಾಕು.

ಒಂದು ಉದಾಹರಣೆ ಹೇಳ್ತೀನಿ. ನಮ್ಮ ಕಾಕು ಬಾಗಲಕೋಟೆ ಕಡೆಯವರು, ಇಳಕಲ್ ಸೀರೆ ತರಿಸಿ ಮಾರ್ತಾರೆ. ಒಂದು ಸಲ ದಾಳಿಂಬೆ ಬಣ್ಣದ ಸೀರೆ ಮೂರು ಮಂದಿ ತಗೊಂಡ್ರು, ಇಬ್ಬರು ವಾಪಸ್ ಕಳಿಸಿದ್ರು. "ಫೋಟೋದಾಗ ಬ್ಯಾರೆ ಇತ್ತು, ಇದು ಇಟ್ಟಂಗಿ ಬಣ್ಣ ಅದ ಅಂತಾರಪಾ. ಸೀರಿ ಅದೇ, ನಾ ಏನ್ ಮೋಸ ಮಾಡೇನಿ?" ಅಂತ ಫೋನಲ್ಲಿ ಅವರ ಸಂಕಟ. ಅವರು ಮೋಸ ಮಾಡಿರಲಿಲ್ಲ. ಅದಕ್ಕೂ ಮುಂಚೆ ಯಾರೋ ಒಂದು ದಿನದ ತರಬೇತಿಯಲ್ಲಿ "ನಿಮ್ಮ ಫೋಟೋ ಪ್ರೀಮಿಯಂ ಕಾಣಬೇಕು" ಅಂತ ಹೇಳಿ, ಮುಕ್ಕಾಲು ಲಕ್ಷದ ಸಾಮಾನಿನ ಪಟ್ಟಿ ಕೈಗಿಟ್ಟು ಕಳಿಸಿದ್ರು. ಅಷ್ಟು ದುಡ್ಡಿಗೆ ಕಾಕುಗೆ ಎರಡು ಹಬ್ಬದ ಸ್ಟಾಕ್ ಬರುತ್ತೆ. ಆ ಪಟ್ಟಿಯಲ್ಲಿ 'ಟ್ಯೂಬ್‌ಲೈಟ್ ಆರಿಸಿ' ಅನ್ನೋ ಒಂದು ಸಾಲು ಮಾತ್ರ ಇರಲಿಲ್ಲ.

ಕೆಂಪು ಸೀರೆ ಇಟ್ಟಂಗಿ ಬಣ್ಣ ಆಗೋದು ಹೆಂಗೆ ಅಂತ ನೋಡೋಣ. ನಮ್ಮ ಮನೆಗಳ ಹಳದಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್. ಟ್ಯೂಬ್‌ಲೈಟ್ ಸಾಮಾನ್ಯವಾಗಿ 6500. ಕಿಟಕಿಯಿಂದ ಬರೋ ನೀಲಿ ಆಕಾಶದ ಬೆಳಕು 7000 ದಾಟಬಹುದು. ಮೂರೂ ಒಟ್ಟಿಗೆ ಬಿದ್ದಾಗ ಸೀರೆಯ ಒಂದು ಮಡಿಕೆ ಹಳದಿ, ಇನ್ನೊಂದು ನೀಲಿ. ಯಾವ ಕ್ಯಾಮೆರಾ ಆಗಲಿ, ಐದು ಸಾವಿರದ್ದೋ ಐದು ಲಕ್ಷದ್ದೋ, ಒಂದು ಫೋಟೋಗೆ ಒಂದೇ ಬೆಳಕು ಅಂತ ಲೆಕ್ಕ ಹಾಕಿ ಬಣ್ಣ ತಿದ್ದುತ್ತೆ. ಎರಡು ಬೆಳಕು ಇದ್ರೆ ಯಾವುದೋ ಒಂದಕ್ಕೆ ಅನ್ಯಾಯ ಆಗಲೇಬೇಕು.

ಇನ್ನೊಂದು ತಮಾಷೆ ಇದೆ. ಇಡೀ ಫ್ರೇಮಿನ ತುಂಬ ಕೆಂಪು ಸೀರೆ ಇಟ್ರೆ, ಫೋನಿನ ಆಟೋ ವೈಟ್ ಬ್ಯಾಲೆನ್ಸ್ "ಓಹೋ, ಬೆಳಕೇ ಕೆಂಪಗಿದೆ" ಅಂದ್ಕೊಂಡು ಕೆಂಪನ್ನ ಇಳಿಸಿಬಿಡುತ್ತೆ. ಪಕ್ಕದಲ್ಲಿ ಹಸಿರು ಸೀರೆ ಇಟ್ಟು ಹೊಡೆದ್ರೆ ಅದೇ ಕೆಂಪು ಬೇರೆ ಥರ ಬರುತ್ತೆ. ಆಟೋ ಎಕ್ಸ್‌ಪೋಷರ್‌ದೂ ಇದೇ ಕಥೆ. ಅದರ ಮೂಲ ಊಹೆ ಎದುರಿಗಿರೋ ದೃಶ್ಯ ಸರಾಸರಿ ಬೂದು ಬಣ್ಣದ್ದು ಅಂತ. ಬಿಳಿ ಸೀರೆ ಹೊಡೆದ್ರೆ ಮಾಸಲು, ಕಪ್ಪು ಚಂದ್ರಕಾಳಿ ಸೀರೆ ಹೊಡೆದ್ರೆ ಬೂದಿ ಬಳಿದಂಗೆ. ಫೋನಿನದ್ದೂ ತಪ್ಪಿಲ್ಲ ಪಾಪ, ಅದಕ್ಕೆ ಎದುರಿಗಿರೋದು ಇಳಕಲ್ ಸೀರೆಯೋ ಸಂಜೆ ಸೂರ್ಯನೋ ಗೊತ್ತಿಲ್ಲ. ಗೊತ್ತಿಲ್ಲದೋರ ಕೈಗೆ ತೀರ್ಮಾನ ಕೊಟ್ಟಿದ್ದೇ ತೊಂದರೆ.

2015ರ ಫೆಬ್ರವರಿಯಲ್ಲಿ ಇಂಟರ್ನೆಟ್ಟನ್ನೆಲ್ಲ ಎರಡು ಪಂಗಡ ಮಾಡಿದ್ದ ಆ ಡ್ರೆಸ್ಸಿನ ಫೋಟೋ ನೆನಪಿದೆಯಾ? ಅರ್ಧ ಜನರಿಗೆ ನೀಲಿ-ಕಪ್ಪು, ಇನ್ನರ್ಧ ಜನರಿಗೆ ಬಿಳಿ-ಬಂಗಾರ. ನಿಜವಾದ ಡ್ರೆಸ್ಸು ನೀಲಿ-ಕಪ್ಪು. ಆ ಜಗಳ ಹುಟ್ಟಿದ್ದು ಯಾಕಂದ್ರೆ ಡ್ರೆಸ್ ಯಾವ ಬೆಳಕಲ್ಲಿದೆ ಅಂತ ಹೇಳೋ ಗುರುತು ಆ ಫೋಟೋದಲ್ಲಿ ಸರಿಯಾಗಿ ಇರಲಿಲ್ಲ. ಒಬ್ಬೊಬ್ಬರ ಮಿದುಳು ಒಂದೊಂದು ಬೆಳಕನ್ನ ಊಹೆ ಮಾಡ್ಕೊಂಡು ಬಣ್ಣ ತೀರ್ಮಾನ ಮಾಡ್ತು. ನಮಗೆಲ್ಲ ಅದು ಒಂದು ವಾರದ ಮೋಜು. ಸೀರೆ ಮಾರೋರಿಗೆ ಅದೇ ಜಗಳ ದಿನಾ ನಡೆಯುತ್ತೆ, ಸೋತಾಗೆಲ್ಲ ಕೊರಿಯರ್ ದುಡ್ಡು ಇವರೇ ಕಟ್ತಾರೆ.

ಈಗ ದುಡ್ಡಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನನ್ನ ಗೆಳೆಯರು ಇಲ್ಲೇ ಜಗಳಕ್ಕೆ ನಿಲ್ಲೋದು. "ನೀನು ಹೇಳೋದೆಲ್ಲ ಸರಿ ಮಾರಾಯ, ಆದ್ರೆ ಪಕ್ಕದ ಅಂಗಡಿಯೋನು ಮಿಂಚೋ ಫೋಟೋ ಹಾಕಿದಾಗ ನಿನ್ನ ಸಪ್ಪೆ ಫೋಟೋನ ಯಾರು ನೋಡ್ತಾರೆ?" ಅಂತ. ಒಪ್ಪುವಂಥ ಮಾತೇ. ಮಿಂಚೋ ಫೋಟೋಗೆ ಆರ್ಡರ್ ಜಾಸ್ತಿ ಬರಬಹುದು. ಆದ್ರೆ ಅಂಗಡಿ ನಡೆಯೋದು ಆರ್ಡರ್ ಮೇಲಲ್ಲ, ಮನೇಲಿ ಉಳ್ಕೊಂಡ ಸೀರೆಯ ಮೇಲೆ. ಲೆಕ್ಕಕ್ಕೆ ಅಂತ ಇಟ್ಕೊಳ್ಳಿ: ಒಂದು ಸೀರೆಗೆ 200 ರೂಪಾಯಿ ಲಾಭ. ವಾಪಸ್ ಬಂದ್ರೆ ಹೋಗಿ ಬರೋ ಖರ್ಚು 160. ಹತ್ತು ಆರ್ಡರಲ್ಲಿ ಮೂರು ವಾಪಸ್ ಬಂದ್ರೆ ಏಳರ ಲಾಭ 1400, ಅದರಲ್ಲಿ 480 ಕಳೀರಿ, ಉಳಿದದ್ದು 920. ಹತ್ತರಲ್ಲಿ ಒಂದೇ ವಾಪಸ್ ಬಂದ್ರೆ 1800ರಲ್ಲಿ 160 ಕಳೆದು 1640. ಅಂದ್ರೆ ಮಿಂಚೋ ಫೋಟೋದವನು ನಿಮ್ಮ ಹತ್ತು ಆರ್ಡರಿನ ಲಾಭ ನೋಡೋಕೆ ಹದಿನೆಂಟು ಆರ್ಡರ್ ತಗೋಬೇಕು! ನಿಮ್ಮ ಅಂಕಿ ಬೇರೆ ಇದ್ರೆ ಬೇರೆ ಹಾಕಿ ನೋಡಿ, ಲಾಭ ಸಣ್ಣದಿದ್ದಷ್ಟೂ ಲೆಕ್ಕ ಇನ್ನೂ ಕೆಟ್ಟದಾಗುತ್ತೆ. ದೊಡ್ಡ ಕಂಪನಿಗೆ ವಾಪಸ್ ಬಂದದ್ದು ಒಂದು ಶೇಕಡಾವಾರು. ಕಾಕುಗೆ ಅದು ಮಡಿಕೆ ಕೆಟ್ಟು, ಅತ್ತರಿನ ವಾಸನೆ ಹತ್ತಿ ವಾಪಸ್ ಬಂದ ಒಂದು ಸೀರೆ.

ಕಾನೂನೂ ಮಿಂಚಿನ ಕಡೆ ಇಲ್ಲ. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ತೋರಿಸಿದ ಗುಣಲಕ್ಷಣ ಕೊಟ್ಟ ವಸ್ತುವಿನಲ್ಲಿ ಇಲ್ಲದಿದ್ರೆ ಮಾರಿದವರು ವಾಪಸ್ ತಗೊಳ್ಳೋಲ್ಲ, ದುಡ್ಡು ಕೊಡೋಲ್ಲ ಅನ್ನೋ ಹಂಗಿಲ್ಲ. ಗ್ರಾಹಕರಾಗಿ ನಾವೆಲ್ಲ ಇದನ್ನ ಮೆಚ್ಕೋತೀವಿ. ಹಾಗಿದ್ರೆ ಮಾರೋರಿಗೆ ಸಲಹೆ ಕೊಡುವಾಗ ಮಾತ್ರ "ಸ್ವಲ್ಪ ಸ್ಯಾಚುರೇಷನ್ ಏರಿಸಿ" ಅನ್ನೋದು ಯಾವ ನ್ಯಾಯ?

ನನಗೆ ನಿಜವಾಗಿ ಸಿಟ್ಟು ಬರಿಸೋದು ಇದಕ್ಕಿಂತ ದೊಡ್ಡದು. ಕೈಮಗ್ಗದ ಸೀರೆಯನ್ನ ಕೈಮಗ್ಗದ್ದು ಅಂತ ತೋರಿಸಿಕೊಡೋದು ಯಾವುದು ಹೇಳಿ. ನೂಲಿನ ಸಣ್ಣ ಗಂಟು, ಅಲ್ಲಲ್ಲಿ ದಪ್ಪ ಆಗೋ ಎಳೆ, ಬಟ್ಟೆ ಬಿಗಿಯಾಗಿ ನಿಲ್ಲೋಕೆ ಮಗ್ಗದ ಮೇಲೆ ಅಡ್ಡ ಕಟ್ಟೋ ಕಡ್ಡಿಯ ಮೊಳೆಯಿಂದ ಅಂಚಿನುದ್ದಕ್ಕೂ ಬೀಳೋ ಚಿಕ್ಕ ಚಿಕ್ಕ ತೂತು. ಇಳಕಲ್ ಸೀರೆಯಲ್ಲಾದ್ರೆ ಒಡಲಿನ ಹಾಸಿನ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಕೊಂಡಿ ಹಾಕಿ ಜೋಡಿಸಿದ ಜಾಗ. ಪವರ್‌ಲೂಮ್ ನಕಲಿನ ಎದುರು ನೇಕಾರರ ಹತ್ರ ಇರೋ ಸಾಕ್ಷಿ ಇಷ್ಟೇ. ಇಂಥ ನಕಲಿನಿಂದ ಕಾಪಾಡೋಕೆ ಅಂತಾನೇ 1985ರಲ್ಲಿ ಕೆಲವು ಬಟ್ಟೆಗಳನ್ನ ಕೈಮಗ್ಗಕ್ಕೆ ಮೀಸಲಿಡೋ ಕಾಯ್ದೆ ಬಂತು, 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್ ಬಂತು.

ನಮ್ಮ ಎಐ ಆಪ್ ಏನ್ ಮಾಡುತ್ತೆ? ಗಂಟನ್ನ 'ನಾಯ್ಸ್' ಅಂತ ಒರೆಸುತ್ತೆ. ದಪ್ಪ ಎಳೆಯನ್ನ ನುಣ್ಣಗೆ ಮಾಡುತ್ತೆ. ಅಂಚಿನ ತೂತು ಮುಚ್ಚುತ್ತೆ. ಮಾಡೆಲ್‌ಗೆ ಉಡಿಸುವಾಗ ತೋಪು ತೆನೆಯ ಹಲ್ಲುಗಳನ್ನ ತನಗೆ ತೋಚಿದಷ್ಟು ಬಿಡಿಸುತ್ತೆ, ಒಂದು ಕಡೆ ಐದು, ಇನ್ನೊಂದು ಕಡೆ ಏಳು. ಕೊನೆಗೆ ಸಿಗೋದು ಪವರ್‌ಲೂಮ್ ಸೀರೆಯ ಫೋಟೋ! ವಾರಗಟ್ಟಲೆ ಕೂತು ನೇಯ್ದಿದ್ದಕ್ಕೂ ಮಷೀನಿನಿಂದ ಉದುರಿದ್ದಕ್ಕೂ ಇದ್ದ ವ್ಯತ್ಯಾಸವನ್ನ ನಾವೇ ಕೈಯಾರೆ ಅಳಿಸಿ, ಆಮೇಲೆ "ಜನರಿಗೆ ಕೈಮಗ್ಗದ ಬೆಲೆ ಗೊತ್ತಿಲ್ಲ" ಅಂತ ಗೋಳಾಡೋದು. ಕಾಣಿಸದೇ ಇದ್ರೆ ಗೊತ್ತಾಗೋದಾದ್ರೂ ಹೆಂಗೆ?

ಸರಿ, ಬರೀ ಬೈದ್ರೆ ಆಗಲಿಲ್ಲ. ಏನು ಮಾಡಬೇಕು ಅಂತಲೂ ಹೇಳ್ತೀನಿ. ಕೈಯಲ್ಲಿರೋ ಫೋನ್ ಬಿಟ್ಟು ಮಿಕ್ಕಿದ್ದೆಲ್ಲ ಐನೂರು ರೂಪಾಯಿ ಒಳಗೆ ಮುಗಿಯುತ್ತೆ.

ಒಂದು ಕಿಟಕಿ. ಮನೆಯ ಬೇರೆ ದೀಪಗಳೆಲ್ಲ ಆರಿರಬೇಕು. ಇಂಗ್ಲಿಷ್ ಪುಸ್ತಕಗಳು 'ಉತ್ತರದ ಕಿಟಕಿ' ಅಂತ ಬರೆದಿರ್ತಾವೆ, ಅಲ್ಲಿ ನೇರ ಬಿಸಿಲು ಬರೋಲ್ಲ ಅಂತ. ಅದು ಲಂಡನ್ನಿಗೆ ಸರಿ. ಇಳಕಲ್ ಇರೋದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರ್ತಾನೆ. ಹಾಗಾಗಿ ಯಾವ ದಿಕ್ಕಿನ ಕಿಟಕಿಯಾದ್ರೂ ಪರವಾಗಿಲ್ಲ, ಅದಕ್ಕೊಂದು ಬಿಳಿ ಧೋತ್ರ ಕಟ್ಟಿ. ನಾಲ್ಕೈದು ಸಾವಿರದ ಸಾಫ್ಟ್‌ಬಾಕ್ಸ್ ಮಾಡೋ ಕೆಲಸವನ್ನ ಅಜ್ಜನ ಧೋತ್ರ ಮಾಡುತ್ತೆ, ಬೆಳಕನ್ನ ಹರಡೋದು ಅಷ್ಟೇ. ಆದ್ರೆ ಧೋತ್ರ ಅಚ್ಚ ಬಿಳಿ ಇರಲಿ, ನೀಲಿ ಹಾಕಿ ಒಗೆದದ್ದು ಬೇಡ. :)

ಕಿಟಕಿಯ ಎದುರು ಬದಿಗೆ ಒಂದು ಥರ್ಮೋಕೋಲ್ ಶೀಟು. ನೆರಳಿನ ಕಡೆ ಬೆಳಕು ವಾಪಸ್ ಎಸೆಯೋಕೆ. ಇದನ್ನ ಬಿಟ್ರೆ ಆ ಕೆಲಸ ನಿಮ್ಮ ಗೋಡೆ ಮಾಡುತ್ತೆ, ಗೋಡೆಗೆ ತಿಳಿ ಹಸಿರು ಬಣ್ಣ ಬಳಿದಿದ್ರೆ ಸೀರೆಗೂ ಹಸಿರು ಹೊಡೆಯುತ್ತೆ. ಕಾವಿ ನೆಲವೂ ಹಂಗೇ, ಕೆಳಗಿನಿಂದ ಕೆಂಪು ಎರಚುತ್ತೆ. ನೆಲದ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ.

ಹಿನ್ನೆಲೆಗೆ ಒಂದು ಬಿಳಿ ಡ್ರಾಯಿಂಗ್ ಶೀಟು. ಮೇಜಿನ ಮೇಲಿಂದ ಗೋಡೆಯ ತನಕ ಮಡಿಕೆ ಬೀಳದ ಹಾಗೆ ಬಾಗಿಸಿ ಅಂಟಿಸಿ, ಆಗ ಮೂಲೆಯ ಗೆರೆ ಕಾಣೋಲ್ಲ. ಚನ್ನಪಟ್ಟಣದ ಗೊಂಬೆ, ಓಲೆ, ಡಬ್ಬಿಗಳಿಗೆ ಇಷ್ಟು ಸಾಕು. ಸೀರೆಗಾದ್ರೆ ಬಿಳಿ ಬೆಡ್‌ಶೀಟೇ ಗೋಡೆ. ಅಮೆಜಾನಿನಂಥ ಕಡೆ ಮುಖ್ಯ ಫೋಟೋಗೆ ಅಚ್ಚ ಬಿಳಿ ಹಿನ್ನೆಲೆ ಕೇಳ್ತಾರೆ, ಕಂಪ್ಯೂಟರ್ ಭಾಷೆಯಲ್ಲಿ 255, 255, 255. ಹಿನ್ನೆಲೆ ಮೊದಲೇ ಬಿಳಿ ಇದ್ರೆ ಆಮೇಲೆ ಕತ್ತರಿಸೋ ಕೆಲಸ ಕಮ್ಮಿ.

ಫೋನ್ ಇಡೋ ಜಾಗ ಬದಲಾಗಬಾರದು. ಸಣ್ಣ ಟ್ರೈಪಾಡ್ ಇದ್ರೆ ಸೈ, ಇಲ್ಲದಿದ್ರೆ ಸ್ಟೂಲಿನ ಮೇಲೆ ಎರಡು ಡಬ್ಬಿ. ಸ್ಟೂಲಿನ ನಾಲ್ಕು ಕಾಲಿಗೂ, ವಸ್ತು ಇಡೋ ಜಾಗಕ್ಕೂ ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ. ಫೋನಿನ ಮುಖ್ಯ ಲೆನ್ಸು ವೈಡ್ ಆಂಗಲ್, ತೀರಾ ಹತ್ತಿರ ಹೋದ್ರೆ ಗೊಂಬೆಗೆ ಮೂಗು ದೊಡ್ಡದು, ಕಾಲು ಚಿಕ್ಕದು. ಎರಡು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಇಟ್ಕೊಳ್ಳಿ. ಮತ್ತೆ ಹೊಡೆಯೋ ಮುಂಚೆ ಲೆನ್ಸ್ ಒರೆಸಿ ಸ್ವಾಮಿ! ಅಡುಗೆಮನೆ ಕೈಯಲ್ಲಿ ಮುಟ್ಟಿದ ಲೆನ್ಸಿನ ಮಸುಕಿಗೆ ಯಾವ ಆಪಿನಲ್ಲೂ ಔಷಧಿ ಇಲ್ಲ.

ಇನ್ನು ಫೋನಿನ ತೀರ್ಮಾನಗಳನ್ನ ಕಿತ್ಕೊಳ್ಳೋ ಕೆಲಸ. ಫ್ಲ್ಯಾಷ್ ಬಂದ್, ಬ್ಯೂಟಿ ಬಂದ್, ಸೀನ್ ಗುರುತಿಸೋ ಎಐ ಬಂದ್. ಪ್ರೋ ಮೋಡ್ ಇದ್ರೆ ಐಎಸ್ಒ 100, ವೈಟ್ ಬ್ಯಾಲೆನ್ಸ್ ಒಂದೇ ಅಂಕಿಗೆ ಕಟ್ಟಿಹಾಕಿ. ಪ್ರೋ ಮೋಡ್ ಇಲ್ಲದಿದ್ರೆ ಪರದೆ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ ಲಾಕ್ ಮಾಡಿ. ದಿನದ ಮೊದಲ ಫೋಟೋ ವಸ್ತುವಿನದಲ್ಲ, ಅದೇ ಜಾಗದಲ್ಲಿ ಇಟ್ಟ ಒಂದು ಬಿಳಿ ಹಾಳೆಯದು. ಹಾಳೆ ಬಿಳಿಯಾಗಿ ಕಾಣಬೇಕು, ಆದ್ರೆ ಪೂರ್ತಿ ಸುಟ್ಟು ಹೋಗಿರಬಾರದು. ಆಮೇಲೆ ಬಣ್ಣ ತಿದ್ದೋಕೆ ಆ ಹಾಳೆಯೇ ಆಧಾರ. ಪ್ರತಿ ದಿನವೂ ಅದೇ ಹಾಳೆ ಇರಲಿ.

ಕೆಂಪಿಗೆ ಮಾತ್ರ ಒಂದು ವಿಶೇಷ ಮರ್ಯಾದೆ ಬೇಕು. ದಾಳಿಂಬೆ, ಗಿರಿ ಕುಂಕುಮದಂಥ ಗಾಢ ಬಣ್ಣದಲ್ಲಿ ಕೆಂಪು ಚಾನೆಲ್ ಎಲ್ಲಕ್ಕಿಂತ ಮೊದಲು ತುಂಬಿ ತುಳುಕುತ್ತೆ, ನೇಯ್ಗೆಯ ವಿವರವೆಲ್ಲ ಒಂದೇ ಮುದ್ದೆ. ಎಕ್ಸ್‌ಪೋಷರ್ ಅರ್ಧ ಸ್ಟಾಪ್ ಇಳಿಸಿ ಹೊಡೀರಿ. ಸಣ್ಣ ಚೌಕಡಿ ಇರೋ ಬಟ್ಟೆಯಲ್ಲಿ ಇಲ್ಲದ ಅಲೆಗಳು ಕಂಡ್ರೆ ಹೆದರಬೇಡಿ, ಅದು ಮೋರೆ. ಫೋನನ್ನ ಒಂದು ಗೇಣು ಹಿಂದೆ ಮುಂದೆ ಮಾಡಿದ್ರೆ ಹೋಗುತ್ತೆ.

ತಿದ್ದೋದು ಒಂದೇ ಸಲ. ಬಿಳಿ ಹಾಳೆ ನೋಡಿ ಒಂದು ಫೋಟೋ ಸರಿ ಮಾಡಿ, ಅದೇ ಬದಲಾವಣೆಯನ್ನ ಆ ದಿನದ ಎಲ್ಲ ಫೋಟೋಗೂ ಅಂಟಿಸಿ. ಸ್ನ್ಯಾಪ್‌ಸೀಡ್ ಪುಕ್ಕಟೆ, ಅದರಲ್ಲಿ ಹಿಂದಿನ ಎಡಿಟನ್ನೇ ಮತ್ತೆ ಹಾಕೋ ಸೌಲಭ್ಯ ಇದೆ. ಒಂದೊಂದು ಫೋಟೋವನ್ನೂ ಬೇರೆ ಬೇರೆ ಮುದ್ದು ಮಾಡಿದ್ರೆ ಅಲ್ಲಿಗೆ ಅಳತೆ ಕೆಟ್ಟಿತು. ಕೊನೆಗೆ ಎಸ್‌ಆರ್‌ಜಿಬಿಯಲ್ಲಿ ಉಳಿಸಿ. 2016ರ ನಂತರದ ಐಫೋನುಗಳು ಪಿ3 ಅನ್ನೋ ಅಗಲವಾದ ಬಣ್ಣದ ಹರವಿನಲ್ಲಿ ಫೋಟೋ ಹಿಡಿಯುತ್ತವೆ. ಅಪ್‌ಲೋಡ್ ಮಾಡಿದ ಕಡೆ ಆ ಪ್ರೊಫೈಲ್ ಕಿತ್ತು ಎಸೆದ್ರೆ ಬಣ್ಣ ಪೇಲವ ಆಗುತ್ತೆ.

ಯಾವ ಯಾವ ಫೋಟೋ? ಪ್ರತಿ ಸೀರೆಗೂ ಅದೇ ಐದು, ಅದೇ ಕ್ರಮದಲ್ಲಿ: ಪೂರ್ತಿ ಮಡಿಕೆ, ಸೆರಗು, ಅಂಚು, ಹಿಂಬದಿ, ಮತ್ತೆ ಬಿಳಿ ಹಾಳೆಯ ಪಕ್ಕ ಇಟ್ಟ ಒಂದು. ಈ ಕೊನೇದು ಗ್ರಾಹಕರ ಕಣ್ಣಿಗೆ ಬೆಳಕಿನ ಗುರುತು ಕೊಡುತ್ತೆ, 2015ರ ಡ್ರೆಸ್ಸಿಗೆ ಇಲ್ಲದೇ ಹೋಗಿದ್ದು. ಗೊಂಬೆಗಾದ್ರೆ ಪಕ್ಕದಲ್ಲಿ ಒಂದು ಹತ್ತು ರೂಪಾಯಿ ನಾಣ್ಯ ಇಡಿ, ಅದರ ಅಗಲ 27 ಮಿಲಿಮೀಟರ್. "ಇಷ್ಟು ಚಿಕ್ಕದು ಅಂತ ಗೊತ್ತಿರಲಿಲ್ಲ" ಅನ್ನೋ ದೂರು ಅಲ್ಲಿಗೆ ಬಂದ್.

ಇದೆಲ್ಲ ಮಾಡಿದ್ಮೇಲೆ ಏನು ಸಿಗುತ್ತೆ ಅಂದ್ರೆ, ಇಪ್ಪತ್ತು ಸೀರೆ ಸಾಲಾಗಿ ಕಂಡಾಗ ಹಿನ್ನೆಲೆ ಒಂದೇ, ಬೆಳಕು ಒಂದೇ, ಅಳತೆ ಒಂದೇ. ಬೇರೆ ಇರೋದು ಸೀರೆ ಮಾತ್ರ. ನಾವು ಕೋಡ್ ಟೆಸ್ಟ್ ಮಾಡುವಾಗ ಒಂದು ಸಲಕ್ಕೆ ಒಂದೇ ವೇರಿಯಬಲ್ ಬದಲಿಸ್ತೀವಲ್ಲ, ಯಾಕೆ? ಫಲಿತಾಂಶದಲ್ಲಿ ಬಂದ ವ್ಯತ್ಯಾಸ ಎಲ್ಲಿಂದ ಬಂತು ಅಂತ ತಿಳಿಯೋಕೆ. ಗ್ರಾಹಕರಿಗೂ ಅಷ್ಟೇ. ಈ ಕೆಂಪು ಆ ಕೆಂಪಿಗಿಂತ ಗಾಢ ಅಂತ ಕಂಡ್ರೆ, ಅದು ನಿಜವಾಗಿಯೂ ಗಾಢ. ಆ ನಂಬಿಕೆ ಒಂದು ಸಲ ಕೂತ್ರೆ ಎರಡನೇ ಸೀರೆಗೆ ಅವರು ಬೇರೆ ಅಂಗಡಿ ಹುಡುಕೋಲ್ಲ.

ಎಲ್ಲರ ಮೊಬೈಲ್ ಪರದೆ ಒಂದೇ ಥರ ಇರೋಲ್ಲ ಅಂತ ನೀವು ಹೇಳಬಹುದು. ನಿಜ. ರಾತ್ರಿ ಹಳದಿ ಮೋಡಲ್ಲಿ ನೋಡೋರಿಗೆ ಯಾವ ಬಣ್ಣವೂ ಸರಿ ಕಾಣೋಲ್ಲ. ಆದ್ರೆ ಪರದೆಯ ತಪ್ಪು ಇಪ್ಪತ್ತೂ ಸೀರೆಗೆ ಒಂದೇ ಥರ ಬೀಳುತ್ತೆ, ಪಕ್ಕದ ಬಿಳಿ ಹಾಳೆಗೂ ಬೀಳುತ್ತೆ. ನೋಡೋರ ಕಣ್ಣು ಅದನ್ನ ಸರಿದೂಗಿಸ್ಕೊಳ್ಳುತ್ತೆ. ಒಂದೊಂದು ಫೋಟೋದಲ್ಲೂ ಒಂದೊಂದು ಥರ ಇರೋ ತಪ್ಪನ್ನ ಮಾತ್ರ ಯಾರೂ ಸರಿದೂಗಿಸೋಕೆ ಆಗೋಲ್ಲ. ಉಳಿದದ್ದನ್ನ ಕನ್ನಡದಲ್ಲೇ ಎರಡು ಸಾಲು ಬರೀರಿ, "ಬಿಸಿಲಲ್ಲಿ ಸ್ವಲ್ಪ ಗಾಢ ಕಾಣುತ್ತೆ, ನೂಲಿನ ಗಂಟು ಕೈಮಗ್ಗದ ಗುಣ" ಅಂತ. ನಾಚಿಕೆ ಪಡೋಂಥದ್ದೇನಿಲ್ಲ ಅದರಲ್ಲಿ.

ಫೋಟೋಗ್ರಾಫರ್ ಗೆಳೆಯರು ಬೇಜಾರು ಮಾಡ್ಕೋಬೇಡಿ. ನಿಮ್ಮ ಕಲೆಗೆ ಅದರ ಜಾಗ ಇದೆ. ದೀಪಾವಳಿ ಬ್ಯಾನರಿಗೆ, ಅಂಗಡಿಯ ಮೊದಲ ಪುಟಕ್ಕೆ ನಿಮ್ಮನ್ನ ಕರೀಲಿ, ಕೇಳಿದ ದುಡ್ಡು ಕೊಡಲಿ. ಆದ್ರೆ ವಾರಕ್ಕೆ ಅರವತ್ತು ಸೀರೆ ಬಂದು ಹೋಗೋ ಮನೆಗೆ ಬೇಕಾಗಿರೋದು, ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಅದೇ ಫಲಿತಾಂಶ ತರಬಹುದಾದ ಒಂದು ಪದ್ಧತಿ. ಕಾಕು ಊರಿಗೆ ಹೋದ್ರೆ ಅವರ ಮಗಳು ಅದೇ ಟೇಪಿನ ಗುರುತಿನ ಮೇಲೆ ಸ್ಟೂಲ್ ಇಟ್ಟು ಅದೇ ಫೋಟೋ ತೆಗೀಬೇಕು.

ಇನ್ನು ಮೇಲೆ ಯಾರಾದ್ರೂ "ಯಾವ ಕ್ಯಾಮೆರಾ ತಗೊಳ್ಳಲಿ" ಅಂತ ಕೇಳಿದ್ರೆ ದಯವಿಟ್ಟು ಲಿಂಕ್ ಕಳಿಸಬೇಡಿ. "ನಿಮ್ಮ ಮನೆಯ ದೊಡ್ಡ ಕಿಟಕಿ ಎಲ್ಲಿದೆ, ಅಲ್ಲಿ ಎಷ್ಟು ಗಂಟೆಗೆ ಬೆಳಕು ಚೆನ್ನಾಗಿರುತ್ತೆ" ಅಂತ ತಿರುಗಿ ಕೇಳಿ. ಒಂದು ಭಾನುವಾರ ಹೋಗಿ ಧೋತ್ರ ಕಟ್ಟಿ, ಟೇಪ್ ಅಂಟಿಸಿ, ಬೇಡದ ಬಟನ್‌ಗಳನ್ನೆಲ್ಲ ಬಂದ್ ಮಾಡಿ ಬನ್ನಿ. ನಮ್ಮ ಇಂಜಿನಿಯರಿಂಗ್ ಡಿಗ್ರಿ ಅಷ್ಟಕ್ಕಾದ್ರೂ ಬಳಕೆ ಆಗಲಿ.

ಒಪ್ಪದೇ ಇರೋರು ಕಾಮೆಂಟಲ್ಲಿ ಬೈಯ್ಯಬಹುದು. ಆದ್ರೆ ಬೈಯ್ಯೋ ಮುಂಚೆ ಒಂದು ಕೆಂಪು ಸೀರೆಯನ್ನ ಟ್ಯೂಬ್‌ಲೈಟಲ್ಲಿ ಒಂದು ಸಲ, ಕಿಟಕಿ ಪಕ್ಕ ಒಂದು ಸಲ ಹೊಡೆದು ಅಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಮಾತಾಡೋಣ. ಏನಂತೀರಿ?